ಚಿಕ್ಕಮಗಳೂರಿನಿಂದ ಮೇದಕ್‌ವರೆಗೆ: ಇಂದಿರಾ ಗಾಂಧಿಗೆ ದಕ್ಷಿಣ ಕೊಟ್ಟ ಮರುಜನ್ಮ

ಹೈದರಾಬಾದ್: 1984ರ ಅಕ್ಟೋಬರ್ 31ರ ಬೆಳಿಗ್ಗೆ ದೆಹಲಿಯ ಸಫ್ದರ್‌ಜಂಗ್ ರಸ್ತೆಯ ತಮ್ಮ ನಿವಾಸದ ಆವರಣದಲ್ಲಿ ಅಂಗರಕ್ಷಕರ ಗುಂಡಿಗೆ ಬಲಿಯಾದಾಗ ಇಂದಿರಾ ಗಾಂಧಿ ಯಾವ ಕ್ಷೇತ್ರದ ಸಂಸದೆಯಾಗಿದ್ದರು? ಈ ಪ್ರಶ್ನೆ ಕೇಳಿದರೆ ಹೆಚ್ಚಿನವರ ಉತ್ತರ ರಾಯ್‌ಬರೇಲಿ. ಕರ್ನಾಟಕದ ಹಿರಿಯರಾದರೆ ಒಂದು ಕ್ಷಣ ಚಿಕ್ಕಮಗಳೂರು ನೆನಪಿಸಿಕೊಂಡಾರು. ಎರಡೂ ಸರಿಯಲ್ಲ. ಅಂದು ಅವರು ಪ್ರತಿನಿಧಿಸುತ್ತಿದ್ದುದು ಹೈದರಾಬಾದ್‌ನ ನೆರೆಯ ಮೇದಕ್ ಕ್ಷೇತ್ರವನ್ನು.

ಅಲಹಾಬಾದ್‌ನ ಆನಂದ ಭವನದಲ್ಲಿ ಬೆಳೆದ, ಮೂರು ತಲೆಮಾರಿನ ರಾಜಕಾರಣದ ವಾರಸುದಾರಿಕೆ ಹೊತ್ತ ಮಹಿಳೆಯೊಬ್ಬರು ತೆಲಂಗಾಣದ ಒಣಭೂಮಿಯ ಜಿಲ್ಲೆಗೆ ಬಂದು ನಿಂತದ್ದೇಕೆ? ಅದಕ್ಕೂ ಮೊದಲು ಮಲೆನಾಡಿನ ಕಾಫಿ ಸೀಮೆಗೆ ಬಂದದ್ದೇಕೆ? ಇಂದಿರಾ ಅವರ ಬದುಕನ್ನು ದೆಹಲಿಯ ಕಣ್ಣಿಂದಲೇ ನೋಡುವ ಕಥನಗಳಲ್ಲಿ ಈ ಭಾಗ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ಉತ್ತರ ಭಾರತ ಅವರನ್ನು ಮನೆಗೆ ಕಳುಹಿಸಿದಾಗ ಮತ್ತೆ ಎಬ್ಬಿಸಿ ನಿಲ್ಲಿಸಿದ್ದು ಕರ್ನಾಟಕ ಮತ್ತು ಆಂಧ್ರಪ್ರದೇಶ. ಆ ಎರಡು ರಾಜ್ಯಗಳ ನಾಯಕರನ್ನು ಅವರು ಹೇಗೆ ನಡೆಸಿಕೊಂಡರು ಎಂಬುದು ಅದೇ ಕಥೆಯ ಇನ್ನೊಂದು ಮುಖ.

ಒಂಟಿ ಬಾಲ್ಯ, ತಡವಾದ ರಾಜಕೀಯ

ಇಂದಿರಾ ಹುಟ್ಟಿದ್ದು 1917ರ ನವೆಂಬರ್ 19ರಂದು. ಅಜ್ಜ ಮೋತಿಲಾಲ್ ನೆಹರೂ ಹೆಸರಾಂತ ವಕೀಲರು, ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು. ತಂದೆ ಜವಾಹರಲಾಲ್ ಜೈಲಿಗೂ ಮನೆಗೂ ಓಡಾಡುತ್ತಿದ್ದರು. ತಾಯಿ ಕಮಲಾ ಕ್ಷಯದಿಂದ ಬಳಲಿ 1936ರಲ್ಲಿ ಸ್ವಿಟ್ಜರ್ಲೆಂಡ್‌ನ ಲೌಸಾನ್‌ನಲ್ಲಿ ಕಣ್ಣುಮುಚ್ಚಿದರು. ಆಗ ಮಗಳಿಗೆ 18 ವರ್ಷ. ಶಾಂತಿನಿಕೇತನದಲ್ಲಿ ಕೆಲಕಾಲ, ಆಕ್ಸ್‌ಫರ್ಡ್‌ನಲ್ಲಿ ಕೆಲಕಾಲ ಓದು ನಡೆಯಿತು, ಪದವಿ ಪೂರ್ಣವಾಗಲಿಲ್ಲ. 1942ರ ಮಾರ್ಚ್‌ನಲ್ಲಿ ಫಿರೋಜ್ ಗಾಂಧಿ ಜೊತೆ ವಿವಾಹ, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಬಂಧನ, ನೈನಿ ಜೈಲು. 1944ರಲ್ಲಿ ರಾಜೀವ್, 1946ರಲ್ಲಿ ಸಂಜಯ್ ಹುಟ್ಟಿದರು.

ಸ್ವಾತಂತ್ರ್ಯಾನಂತರ ಪ್ರಧಾನಿ ತಂದೆಯ ಮನೆಯ ಉಸ್ತುವಾರಿ ಅವರದ್ದಾಯಿತು. 1959ರಲ್ಲಿ ಕಾಂಗ್ರೆಸ್ ಅಧ್ಯಕ್ಷೆಯಾದರು. ಆ ಅವಧಿಯಲ್ಲೇ ಕೇರಳದ ಕಮ್ಯುನಿಸ್ಟ್ ಸರ್ಕಾರ ವಜಾ ಆಯಿತು, ಅದರ ಹಿಂದೆ ಅವರ ಒತ್ತಾಯವಿತ್ತು. ಚುನಾಯಿತ ರಾಜ್ಯ ಸರ್ಕಾರವೊಂದನ್ನು ಕೆಡಹುವ ಈ ಮೊದಲ ಪಾಠ 25 ವರ್ಷಗಳ ನಂತರ ಹೈದರಾಬಾದ್‌ನಲ್ಲಿ ಅವರಿಗೇ ತಿರುಗುಬಾಣವಾಯಿತು. ಆ ಕಥೆ ಮುಂದೆ ಬರುತ್ತದೆ.

1960ರಲ್ಲಿ ಫಿರೋಜ್, 1964ರಲ್ಲಿ ನೆಹರೂ ತೀರಿಕೊಂಡರು. ಲಾಲ್ ಬಹದ್ದೂರ್ ಶಾಸ್ತ್ರಿ ಸಂಪುಟದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆ ಸಿಕ್ಕಿತು. 1966ರ ಜನವರಿಯಲ್ಲಿ ತಾಷ್ಕೆಂಟ್‌ನಲ್ಲಿ ಶಾಸ್ತ್ರಿ ಹಠಾತ್ತನೆ ನಿಧನರಾದಾಗ ಪಕ್ಷದ ಹಿರಿಯ ತಲೆಗಳಿಗೆ ಬೇಕಿದ್ದುದು ಮಾತು ಕೇಳುವ ಪ್ರಧಾನಿ. ಮೊರಾರ್ಜಿ ದೇಸಾಯಿ ಅವರನ್ನು 355–169 ಮತಗಳಿಂದ ಸೋಲಿಸಿ ಇಂದಿರಾ ದೇಶದ ಮೊದಲ ಮಹಿಳಾ ಪ್ರಧಾನಿಯಾದರು. ಮಾತು ಕೇಳುವವರು ಎಂಬ ಹಿರಿಯರ ಲೆಕ್ಕ ತಪ್ಪಾಗಿತ್ತು ಎಂದು ಗೊತ್ತಾಗಲು ಮೂರು ವರ್ಷ ಬೇಕಾಯಿತು. ಗೊತ್ತಾದದ್ದು ಬೆಂಗಳೂರಿನಲ್ಲಿ.

ಲಾಲ್‌ಬಾಗ್‌ನಲ್ಲಿ ಬಿರುಕು

1969ರ ಜುಲೈನಲ್ಲಿ ಎಐಸಿಸಿ ಅಧಿವೇಶನ ನಡೆದದ್ದು ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ. ಪಕ್ಷದ ಅಧ್ಯಕ್ಷರು ಕರ್ನಾಟಕದವರೇ ಆದ ಎಸ್. ನಿಜಲಿಂಗಪ್ಪ. ರಾಷ್ಟ್ರಪತಿ ಚುನಾವಣೆಗೆ ಸಿಂಡಿಕೇಟ್ ನಾಯಕರು ಆಯ್ಕೆ ಮಾಡಿದ್ದು ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ ನೀಲಂ ಸಂಜೀವ ರೆಡ್ಡಿ ಅವರನ್ನು. ಇಂದಿರಾಗೆ ಅದು ಒಪ್ಪಿಗೆಯಿರಲಿಲ್ಲ. ದೆಹಲಿಗೆ ಮರಳಿದವರೇ ಮೊರಾರ್ಜಿ ಅವರಿಂದ ಹಣಕಾಸು ಖಾತೆ ಕಿತ್ತುಕೊಂಡರು, ಜುಲೈ 19ರಂದು 14 ಬ್ಯಾಂಕುಗಳನ್ನು ರಾಷ್ಟ್ರೀಕರಣಗೊಳಿಸಿದರು. ಆಗಸ್ಟ್‌ನಲ್ಲಿ ಪಕ್ಷದ ಅಧಿಕೃತ ಅಭ್ಯರ್ಥಿ ಸಂಜೀವ ರೆಡ್ಡಿ ಸೋತು, ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಗೆದ್ದರು. ನವೆಂಬರ್‌ನಲ್ಲಿ ನಿಜಲಿಂಗಪ್ಪ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿದರು. ಕಾಂಗ್ರೆಸ್ ಎರಡಾಯಿತು.

ಸಂಜೀವ ರೆಡ್ಡಿ ಹೆಸರನ್ನು ನೆನಪಿಟ್ಟುಕೊಳ್ಳಬೇಕು. 11 ವರ್ಷಗಳ ನಂತರ ಇದೇ ವ್ಯಕ್ತಿಯ ಮುಂದೆ ಇಂದಿರಾ ಪ್ರಮಾಣವಚನ ಸ್ವೀಕರಿಸಬೇಕಾಯಿತು.

ಅದೇ 1969ರಲ್ಲಿ ಹೈದರಾಬಾದ್ ಹೊತ್ತಿ ಉರಿಯುತ್ತಿತ್ತು. ಆಂಧ್ರ ಭಾಗದೊಂದಿಗೆ ವಿಲೀನವಾದ ನಂತರ ಉದ್ಯೋಗ, ಅನುದಾನಗಳಲ್ಲಿ ತಮಗೆ ಕೊಟ್ಟ ಮಾತು ಉಳಿಯಲಿಲ್ಲ ಎಂದು ತೆಲಂಗಾಣದ ವಿದ್ಯಾರ್ಥಿಗಳು, ನೌಕರರು ಬೀದಿಗಿಳಿದರು. ಪೊಲೀಸ್ ಗೋಲಿಬಾರ್‌ನಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಇಂದಿರಾ ಹೈದರಾಬಾದ್‌ಗೆ ಬಂದು ಮಾತುಕತೆ ನಡೆಸಿದರೂ ಪ್ರತ್ಯೇಕ ರಾಜ್ಯದ ಬೇಡಿಕೆಗೆ ಮಣಿಯಲಿಲ್ಲ. 1971ರ ಲೋಕಸಭಾ ಚುನಾವಣೆಯಲ್ಲಿ ಗರೀಬಿ ಹಟಾವೋ ಘೋಷಣೆ ದೇಶವನ್ನೇ ಗೆದ್ದು ಅವರಿಗೆ 352 ಸ್ಥಾನ ತಂದುಕೊಟ್ಟಿತು. ಮೈಸೂರು ರಾಜ್ಯದ 27ಕ್ಕೆ 27 ಸ್ಥಾನಗಳೂ ಅವರ ಪಾಲಾದವು. ಆದರೆ ತೆಲಂಗಾಣದ 14 ಕ್ಷೇತ್ರಗಳಲ್ಲಿ 10ನ್ನು ಮರ್ರಿ ಚೆನ್ನಾ ರೆಡ್ಡಿ ನೇತೃತ್ವದ ತೆಲಂಗಾಣ ಪ್ರಜಾ ಸಮಿತಿ ಗೆದ್ದುಕೊಂಡಿತು. ಆ ಹತ್ತರಲ್ಲಿ ಮೇದಕ್ ಕೂಡ ಒಂದು.

ಇಂದಿರಾ ಆ ಪಕ್ಷವನ್ನು ಎದುರಿಸಲು ಹೋಗಲಿಲ್ಲ. ಅದನ್ನೇ ಕಾಂಗ್ರೆಸ್‌ನೊಳಗೆ ಕರಗಿಸಿಕೊಂಡರು. ಮುಖ್ಯಮಂತ್ರಿ ಕಾಸು ಬ್ರಹ್ಮಾನಂದ ರೆಡ್ಡಿ ಕೆಳಗಿಳಿದು, ತೆಲಂಗಾಣದವರೇ ಆದ ಪಿ.ವಿ. ನರಸಿಂಹ ರಾವ್ ಬಂದರು. ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮುಲ್ಕಿ ನಿಯಮಗಳನ್ನು 1972ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗ ಈ ಬಾರಿ ಕರಾವಳಿ ಆಂಧ್ರ ಸಿಡಿದೆದ್ದಿತು. 1973ರಲ್ಲಿ ರಾಷ್ಟ್ರಪತಿ ಆಳ್ವಿಕೆ, ನಂತರ ಆರು ಅಂಶಗಳ ಸೂತ್ರ. ಅದರ ಫಲವಾಗಿ ಸಂವಿಧಾನಕ್ಕೆ 371ಡಿ ವಿಧಿ ಸೇರಿತು, ಹೈದರಾಬಾದ್‌ಗೆ ಕೇಂದ್ರೀಯ ವಿಶ್ವವಿದ್ಯಾಲಯ ಬಂತು. ಬೀದರ್, ಕಲಬುರಗಿ, ರಾಯಚೂರಿನ ಓದುಗರಿಗೆ ಈ ವಿಧಿಯ ಹೆಸರು ಹೊಸದೇನಲ್ಲ. ಹಳೆಯ ನಿಜಾಮ ರಾಜ್ಯದ ಕನ್ನಡ ಜಿಲ್ಲೆಗಳು ಅಂಥದ್ದೇ ಸೌಲಭ್ಯಕ್ಕಾಗಿ ಮುಂದೆ ದಶಕಗಳ ಕಾಲ ಹೋರಾಡಿ 371ಜೆ ಪಡೆದವು.

1971ರ ಡಿಸೆಂಬರ್‌ನ ಯುದ್ಧ, ಬಾಂಗ್ಲಾದೇಶದ ಉದಯ, 1974ರ ಪೋಖ್ರಾನ್ ಅಣು ಪರೀಕ್ಷೆ ಎಲ್ಲರಿಗೂ ಗೊತ್ತಿರುವ ಸಂಗತಿ. ಅವರ ಜನಪ್ರಿಯತೆಯ ಶಿಖರ ಅದು. ಇಳಿಜಾರು ಬಹಳ ದೂರವಿರಲಿಲ್ಲ.

ತುರ್ತು ಪರಿಸ್ಥಿತಿ: ಎರಡು ಜೈಲುಗಳ ನೆನಪು

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ರಾಯ್‌ಬರೇಲಿಯ ಅವರ ಆಯ್ಕೆಯನ್ನು ಅಸಿಂಧುಗೊಳಿಸಿತು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಜಾರಿಯಾಯಿತು. ಸಂಸದೀಯ ಸಮಿತಿ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಇಲ್ಲೇ ಬಂಧನಕ್ಕೊಳಗಾದರು. ಸಂಸ್ಕಾರ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಹೈದರಾಬಾದ್‌ನ ಮುಷೀರಾಬಾದ್ ಜೈಲಿನಲ್ಲಿ 1975ರ ಡಿಸೆಂಬರ್ 1ರಂದು ಭೂಮಯ್ಯ ಮತ್ತು ಕಿಷ್ಟ ಗೌಡ್ ಎಂಬ ಇಬ್ಬರು ನಕ್ಸಲೀಯ ರೈತರನ್ನು ಗಲ್ಲಿಗೇರಿಸಲಾಯಿತು. ದಕ್ಷಿಣದಲ್ಲಿ ತುರ್ತು ಪರಿಸ್ಥಿತಿಯ ಬಿಸಿ ತಟ್ಟಲೇ ಇಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದನ್ನು ಪೂರ್ತಿ ನಂಬುವ ಮುನ್ನ ಈ ಮೂವರನ್ನು ನೆನೆಯುವುದು ಒಳ್ಳೆಯದು.

ಆದರೂ ಬಲವಂತದ ಸಂತಾನಹರಣ, ಗುಡಿಸಲು ತೆರವುಗಳು ಉತ್ತರದಲ್ಲಿ ಎಬ್ಬಿಸಿದ ಕ್ರೋಧ ಇಲ್ಲಿ ಆ ಮಟ್ಟದಲ್ಲಿ ಇರಲಿಲ್ಲ ಎಂಬುದು ನಿಜ. ಕರ್ನಾಟಕದಲ್ಲಿ ದೇವರಾಜ ಅರಸು ಭೂಸುಧಾರಣೆ ಕಾಯ್ದೆಯಿಂದ ಗೇಣಿದಾರರಿಗೆ ನೆಲ ಕೊಡಿಸುತ್ತಿದ್ದರು, ಹಾವನೂರು ಆಯೋಗದ ಮೂಲಕ ಹಿಂದುಳಿದ ವರ್ಗಗಳಿಗೆ ದಾರಿ ತೆರೆದಿದ್ದರು. ಬಡವರ ಮನೆಯಲ್ಲಿ ಇಂದಿರಾ ಹೆಸರು ನೆಲದ ಪತ್ರದ ಜೊತೆ ಬೆಸೆದುಕೊಂಡಿತ್ತು.

1977ರ ಮಾರ್ಚ್‌ನ ಫಲಿತಾಂಶ ಅದನ್ನೇ ಹೇಳಿತು. ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು ಇಂದಿರಾ 55 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಕಾಂಗ್ರೆಸ್ ಗೆದ್ದದ್ದು ಒಟ್ಟು 154 ಸ್ಥಾನ. ಅದರಲ್ಲಿ 41 ಆಂಧ್ರಪ್ರದೇಶದ್ದು, 26 ಕರ್ನಾಟಕದ್ದು. ಆಂಧ್ರದ 42ರಲ್ಲಿ ಕೈತಪ್ಪಿದ ಒಂದೇ ಒಂದು ಕ್ಷೇತ್ರ ನಂದ್ಯಾಲ. ಅಲ್ಲಿ ಗೆದ್ದವರು ಸಂಜೀವ ರೆಡ್ಡಿ. ಕೆಲವೇ ತಿಂಗಳಲ್ಲಿ ಅವರು ರಾಷ್ಟ್ರಪತಿಯೂ ಆದರು.

ಕೈ ಗುರುತು, ಕಾಫಿ ಸೀಮೆ

ಸೋತ ಇಂದಿರಾ ಸುಮ್ಮನೆ ಕೂರಲಿಲ್ಲ. 1977ರ ಆಗಸ್ಟ್‌ನಲ್ಲಿ ದಲಿತರ ಹತ್ಯಾಕಾಂಡ ನಡೆದಿದ್ದ ಬಿಹಾರದ ಬೆಲ್ಚಿಗೆ ನೆರೆಯ ನಡುವೆ ಆನೆ ಏರಿ ಹೋದರು. 1978ರ ಜನವರಿಯಲ್ಲಿ ಕಾಂಗ್ರೆಸ್ ಮತ್ತೆ ಒಡೆಯಿತು. ಈ ಬಾರಿ ಎದುರು ಬಣದ ಮುಂದಾಳು, 1971ರಲ್ಲಿ ಮುಖ್ಯಮಂತ್ರಿ ಕುರ್ಚಿ ಬಿಡಬೇಕಾಗಿ ಬಂದಿದ್ದ ಅದೇ ಬ್ರಹ್ಮಾನಂದ ರೆಡ್ಡಿ. ಹೊಸ ಪಕ್ಷಕ್ಕೆ ಹಸುವಿನ ಚಿಹ್ನೆ ಹೋಗಿ ಹಸ್ತ ಬಂತು. ಇಂದಿರಾ ವಿಜಯವಾಡದಲ್ಲಿದ್ದಾಗ ದೆಹಲಿಯಿಂದ ಬಂದ ಫೋನ್‌ನಲ್ಲಿ ಹಾಥ್ ಎಂದದ್ದು ಹಾಥಿ ಎಂದು ಕೇಳಿಸಿ ಗೊಂದಲವಾಯಿತು, ಕೊನೆಗೆ ಪಂಜಾ ಎಂದು ಹೇಳಿಸಿ ಖಚಿತಪಡಿಸಿಕೊಂಡರು ಎಂಬ ಕಥೆ ಕಾಂಗ್ರೆಸ್ಸಿಗರ ನಡುವೆ ಇಂದಿಗೂ ಓಡಾಡುತ್ತದೆ.

ಒಂದು ತಿಂಗಳು ಕೂಡ ತುಂಬದ ಗುರುತಿನೊಂದಿಗೆ ಫೆಬ್ರವರಿಯಲ್ಲಿ ಎರಡು ವಿಧಾನಸಭೆಗಳನ್ನು ಅವರು ಗೆದ್ದರು. ಆಂಧ್ರದಲ್ಲಿ 294ರಲ್ಲಿ 175, ಕರ್ನಾಟಕದಲ್ಲಿ 224ರಲ್ಲಿ 149. ಹೈದರಾಬಾದ್‌ನಲ್ಲಿ ಮುಖ್ಯಮಂತ್ರಿಯಾದವರು ಚೆನ್ನಾ ರೆಡ್ಡಿ: ಒಂಬತ್ತು ವರ್ಷದ ಹಿಂದೆ ಪ್ರತ್ಯೇಕ ತೆಲಂಗಾಣಕ್ಕಾಗಿ ಅವರ ವಿರುದ್ಧ ನಿಂತಿದ್ದವರು. ಬೆಂಗಳೂರಿನಲ್ಲಿ ಅರಸು ಮರಳಿದರು.

ಆ ವರ್ಷದ ಕೊನೆಯಲ್ಲಿ ಡಿ.ಬಿ. ಚಂದ್ರೇಗೌಡ ಚಿಕ್ಕಮಗಳೂರು ಲೋಕಸಭಾ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಜಾಗ ಮಾಡಿಕೊಟ್ಟರು. ಜನತಾ ಪಕ್ಷ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ನಿಲ್ಲಿಸಿತು. ಜಾರ್ಜ್ ಫರ್ನಾಂಡಿಸ್ ಸೇರಿದಂತೆ ಕೇಂದ್ರದ ಘಟಾನುಘಟಿಗಳು ಮಲೆನಾಡಿನ ರಸ್ತೆಗಳಲ್ಲಿ ಓಡಾಡಿದರು. ವಿದೇಶಿ ಪತ್ರಕರ್ತರಿಗೆ ಚಿಕ್ಕಮಗಳೂರು ಎಂದು ಉಚ್ಚರಿಸುವುದೇ ಒಂದು ಕೆಲಸವಾಯಿತು. ನವೆಂಬರ್‌ನಲ್ಲಿ ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ಆ ಗೆಲುವು ಬಾಳಿದ್ದು ತಿಂಗಳಿಗಿಂತ ಸ್ವಲ್ಪ ಹೆಚ್ಚು. ಮಾರುತಿ ಕಂಪನಿಯ ಬಗ್ಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿದ್ದರು ಎಂಬ ಹಕ್ಕುಚ್ಯುತಿ ಪ್ರಕರಣದಲ್ಲಿ ಡಿಸೆಂಬರ್ 19ರಂದು ಲೋಕಸಭೆ ಅವರ ಸದಸ್ಯತ್ವ ರದ್ದುಮಾಡಿ, ಅಧಿವೇಶನ ಮುಗಿಯುವವರೆಗೆ ತಿಹಾರ್ ಜೈಲಿಗೆ ಕಳುಹಿಸಿತು. ಮರುದಿನ ಇಬ್ಬರು ಯುವಕರು ಆಟಿಕೆ ಆಯುಧ ಹಿಡಿದು ಇಂಡಿಯನ್ ಏರ್‌ಲೈನ್ಸ್ ವಿಮಾನ ಅಪಹರಿಸಿ ಅವರ ಬಿಡುಗಡೆಗೆ ಪಟ್ಟುಹಿಡಿದರು. ಮುಂದೆ ಕಾಂಗ್ರೆಸ್ ಟಿಕೆಟ್‌ನಲ್ಲಿ ಉತ್ತರ ಪ್ರದೇಶದ ಶಾಸಕರೂ ಆದರು. ಚಿಕ್ಕಮಗಳೂರಿನ ಮತದಾರರು ಆರಿಸಿ ಕಳುಹಿಸಿದ ಪ್ರತಿನಿಧಿಯನ್ನು ಸಂಸತ್ತು ಹೊರಹಾಕಿದ ರೀತಿ ಜನತಾ ಸರ್ಕಾರಕ್ಕೆ ಒಳ್ಳೆಯ ಹೆಸರನ್ನೇನೂ ತರಲಿಲ್ಲ.

ಮೇದಕ್‌ಗೆ ಬಂದದ್ದು

ಚಿಕ್ಕಮಗಳೂರಿಗೆ ಅವರು ಮತ್ತೆ ಅಭ್ಯರ್ಥಿಯಾಗಿ ಬರಲಿಲ್ಲ. ಕಾರಣ ಸರಳ: ಕರ್ನಾಟಕದ ಕೋಟೆಯ ಕಾವಲುಗಾರನನ್ನೇ ಅವರು ಕಳೆದುಕೊಂಡಿದ್ದರು. ಸಂಜಯ್ ಗಾಂಧಿಯ ಹಿಡಿತ, ರಾಜ್ಯ ಘಟಕದ ಮೇಲಿನ ಅಧಿಕಾರ ಯಾರದ್ದು ಎಂಬ ಜಗಳ ಬೆಳೆದು 1979ರ ಜೂನ್‌ನಲ್ಲಿ ಅರಸು ಪಕ್ಷದಿಂದ ಹೊರಬಿದ್ದರು. ಕಷ್ಟಕಾಲದಲ್ಲಿ ಕ್ಷೇತ್ರ ಕೊಟ್ಟು ಗೆಲ್ಲಿಸಿದವರನ್ನು ವರ್ಷ ತುಂಬುವುದರೊಳಗೆ ಉಚ್ಚಾಟಿಸಲಾಯಿತು.

1980ರ ಜನವರಿಯ ಚುನಾವಣೆಗೆ ಇಂದಿರಾ ರಾಯ್‌ಬರೇಲಿಯ ಜೊತೆಗೆ ಸುರಕ್ಷಿತ ಎರಡನೇ ಕ್ಷೇತ್ರವೊಂದನ್ನು ಹುಡುಕಿದರು. ಚೆನ್ನಾ ರೆಡ್ಡಿಯ ಆಂಧ್ರದಲ್ಲಿ, ರಾಜಧಾನಿಯ ಪಕ್ಕದಲ್ಲೇ ಇದ್ದ ಮೇದಕ್ ಸಿಕ್ಕಿತು. ಬೀದರ್‌ಗೆ ಗಡಿ ತಾಗಿದ ಜಿಲ್ಲೆ ಅದು. ಮಳೆ ನಂಬಿದ ಬೇಸಾಯ, ಜೋಳ, ಸಾಲು ಸಾಲು ಕೆರೆಗಳು. ಜಿಲ್ಲೆಯ ಪಟಾನ್‌ಚೆರುವಿನಲ್ಲಿ ಒಣಬೇಸಾಯ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್‌ಗೆ 1975ರಲ್ಲಿ ಶಂಕುಸ್ಥಾಪನೆ ಮಾಡಿದವರು ಅವರೇ.

ಎದುರಾಳಿ ಎಸ್. ಜೈಪಾಲ್ ರೆಡ್ಡಿ. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಕಾಂಗ್ರೆಸ್ ಬಿಟ್ಟಿದ್ದ ಯುವ ನಾಯಕ, ಮಾತಿನ ಮಲ್ಲ. ಆದರೆ ಅಂದಿನ ಅಲೆಯಲ್ಲಿ ಮಾತು ಕೆಲಸಕ್ಕೆ ಬರಲಿಲ್ಲ. ಇಂದಿರಾ 2 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಆಂಧ್ರದಲ್ಲಿ 42ಕ್ಕೆ 41, ಕರ್ನಾಟಕದಲ್ಲಿ 28ಕ್ಕೆ 27 ಸ್ಥಾನ ಬಂತು. ಅರಸು ಎದುರಿದ್ದರೂ ಕನ್ನಡದ ಮತದಾರ ಇಂದಿರಾ ಕಡೆಗೇ ನಿಂತಿದ್ದ. ಚಿಕ್ಕಮಗಳೂರಿನಲ್ಲಿ ಅವರಿಗೆ ಸೋತಿದ್ದ ವೀರೇಂದ್ರ ಪಾಟೀಲರು ಈ ಬಾರಿ ಅವರದ್ದೇ ಪಕ್ಷದಿಂದ ಬಾಗಲಕೋಟೆಯಲ್ಲಿ ಗೆದ್ದಿದ್ದರು! ರಾಜಕೀಯದಲ್ಲಿ ನೆನಪಿನ ಆಯುಸ್ಸು ಎಷ್ಟೆಂದು ಕೇಳುವವರಿಗೆ ಜೈಪಾಲ್ ರೆಡ್ಡಿ ಕೂಡ ಉತ್ತರ: ಮುಂದೆ ಅವರೂ ಕಾಂಗ್ರೆಸ್‌ಗೆ ಮರಳಿ ಕೇಂದ್ರ ಸಚಿವರಾದರು.

ಜನವರಿ 14ರಂದು ರಾಷ್ಟ್ರಪತಿ ಸಂಜೀವ ರೆಡ್ಡಿ ಪ್ರಮಾಣವಚನ ಬೋಧಿಸಿದರು. ಎರಡು ಕ್ಷೇತ್ರಗಳಲ್ಲಿ ಒಂದನ್ನು ಬಿಡಬೇಕಿತ್ತು. ಇಂದಿರಾ ಬಿಟ್ಟದ್ದು ರಾಯ್‌ಬರೇಲಿಯನ್ನು. ಅದು ಮನೆತನದ ಅರುಣ್ ನೆಹರೂ ಪಾಲಾಯಿತು. ಮೇದಕ್ ಪ್ರಧಾನಿಯ ಕ್ಷೇತ್ರವಾಯಿತು.

ಹೈದರಾಬಾದ್‌ನಲ್ಲಿ ನಾಲ್ವರು ಮುಖ್ಯಮಂತ್ರಿಗಳು

1980ರ ಜೂನ್ 23ರಂದು ಸಂಜಯ್ ವಿಮಾನ ಅಪಘಾತದಲ್ಲಿ ಸತ್ತರು. ರಾಜಕೀಯದಲ್ಲಿ ಆಸಕ್ತಿಯಿಲ್ಲದ ಪೈಲಟ್ ರಾಜೀವ್ ಆ ಜಾಗಕ್ಕೆ ಬಂದರು. ಇಂದಿರಾ ಒಳಗೊಳಗೇ ಯಾರನ್ನೂ ನಂಬದವರಾದರು. ಅದರ ಪರಿಣಾಮ ಹೆಚ್ಚು ಕಂಡದ್ದು ಅವರಿಗೆ ಎರಡು ಬಾರಿ ಬೆನ್ನುಕೊಟ್ಟ ರಾಜ್ಯಗಳಲ್ಲೇ.

ಆಂಧ್ರದಲ್ಲಿ 1980ರ ಅಕ್ಟೋಬರ್‌ನಲ್ಲಿ ಚೆನ್ನಾ ರೆಡ್ಡಿ ಹೋಗಿ ಟಿ. ಅಂಜಯ್ಯ ಬಂದರು. 1982ರ ಫೆಬ್ರವರಿಯಲ್ಲಿ ಭವನಂ ವೆಂಕಟರಾಮಿ ರೆಡ್ಡಿ, ಸೆಪ್ಟೆಂಬರ್‌ನಲ್ಲಿ ಕೋಟ್ಲ ವಿಜಯಭಾಸ್ಕರ ರೆಡ್ಡಿ. ಒಂದೇ ವಿಧಾನಸಭೆಯ ಅವಧಿಯಲ್ಲಿ ನಾಲ್ವರು, ಎಲ್ಲರ ಹೆಸರೂ ದೆಹಲಿಯಿಂದಲೇ ತೀರ್ಮಾನ. ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ಅದ್ಧೂರಿ ಸ್ವಾಗತ ಏರ್ಪಡಿಸಿದ್ದಕ್ಕೆ ರಾಜೀವ್ ಎಲ್ಲರೆದುರು ಅಂಜಯ್ಯ ಅವರನ್ನು ಗದರಿದ ಸುದ್ದಿ ತೆಲುಗು ಪತ್ರಿಕೆಗಳಲ್ಲಿ ಬೆಂಕಿಯಂತೆ ಹರಡಿತು. ಕಾರ್ಮಿಕನಾಗಿ ಬದುಕು ಆರಂಭಿಸಿದ್ದ ಅಂಜಯ್ಯ ಕಣ್ಣೀರಾದದ್ದು ಇಡೀ ರಾಜ್ಯದ ಅವಮಾನವಾಗಿ ಕಂಡಿತು. 1990ರಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ನಿಂತೇ ವೀರೇಂದ್ರ ಪಾಟೀಲರ ಬದಲಾವಣೆ ಘೋಷಿಸಿದ್ದನ್ನು ಬಲ್ಲ ಕನ್ನಡಿಗರಿಗೆ ಆ ನೋವು ಬಿಡಿಸಿ ಹೇಳಬೇಕಿಲ್ಲ.

1982ರ ಮಾರ್ಚ್ 29ರಂದು ಎನ್.ಟಿ. ರಾಮರಾವ್ ಹೈದರಾಬಾದ್‌ನಲ್ಲಿ ತೆಲುಗು ದೇಶಂ ಕಟ್ಟಿದರು. ತೆಲುಗರ ಆತ್ಮಗೌರವ ಎಂಬುದೊಂದೇ ಅವರ ಬಂಡವಾಳ, ಅದನ್ನು ಒದಗಿಸಿದ್ದು ದೆಹಲಿ. ಇತ್ತ ಕರ್ನಾಟಕದಲ್ಲಿ ಗುಂಡೂರಾವ್ ಸರ್ಕಾರ ನರಗುಂದ–ನವಲಗುಂದದ ರೈತರ ಸಿಟ್ಟು, ಗೋಕಾಕ್ ಚಳವಳಿಯ ಕಾವು ಎರಡನ್ನೂ ಮೈಮೇಲೆ ಎಳೆದುಕೊಂಡಿತ್ತು. 1983ರ ಜನವರಿಯಲ್ಲಿ ಎರಡೂ ಕೋಟೆಗಳು ಒಟ್ಟಿಗೆ ಕುಸಿದವು. ಎನ್‌ಟಿಆರ್ 9ರಂದು, ರಾಮಕೃಷ್ಣ ಹೆಗಡೆ 10ರಂದು ಅಧಿಕಾರಕ್ಕೆ ಬಂದರು. ಐದು ವರ್ಷದ ಹಿಂದೆ ಒಟ್ಟಿಗೆ ಎಬ್ಬಿಸಿದ್ದ ರಾಜ್ಯಗಳೇ ಒಟ್ಟಿಗೆ ಕೈಬಿಟ್ಟವು.

1984 ಇಂದಿರಾ ಬದುಕಿನ ಅತ್ಯಂತ ಕಠಿಣ ವರ್ಷ. ಜೂನ್‌ನಲ್ಲಿ ಸ್ವರ್ಣಮಂದಿರಕ್ಕೆ ಸೇನೆ ನುಗ್ಗಿತು. ಅದೇ ವರ್ಷ ಮೇದಕ್ ಜಿಲ್ಲೆಯ ಎದ್ದುಮೈಲಾರಂನಲ್ಲಿ ಸೇನಾ ವಾಹನಗಳನ್ನು ತಯಾರಿಸುವ ಕಾರ್ಖಾನೆಗೆ ಅವರು ಅಡಿಗಲ್ಲು ಹಾಕಿದರು. ಆಗಸ್ಟ್ 16ರಂದು, ಅಮೆರಿಕದಲ್ಲಿ ಹೃದಯ ಶಸ್ತ್ರಚಿಕಿತ್ಸೆ ಮುಗಿಸಿ ಮರಳಿದ್ದ ಎನ್‌ಟಿಆರ್ ಅವರನ್ನು ರಾಜ್ಯಪಾಲ ರಾಮ್‌ಲಾಲ್ ವಜಾಗೊಳಿಸಿ ನಾದೆಂಡ್ಲ ಭಾಸ್ಕರ ರಾವ್ ಅವರನ್ನು ಕೂರಿಸಿದರು. ಬಹುಮತ ಎನ್‌ಟಿಆರ್ ಬಳಿಯೇ ಇತ್ತು. ಗಾಲಿಕುರ್ಚಿಯಲ್ಲಿ ಕುಳಿತೇ ಅವರು ಶಾಸಕರನ್ನು ಕರೆದುಕೊಂಡು ದೆಹಲಿಗೆ ಹೋಗಿ ರಾಷ್ಟ್ರಪತಿ ಜೈಲ್ ಸಿಂಗ್ ಎದುರು ಹಾಜರುಪಡಿಸಿದರು. ನಂತರ ಶಾಸಕರನ್ನು ಜೋಪಾನವಾಗಿ ಇಟ್ಟುಕೊಂಡದ್ದು ಹೆಗಡೆಯವರ ಕರ್ನಾಟಕ. ರೆಸಾರ್ಟ್ ರಾಜಕಾರಣದ ಇತಿಹಾಸ ಬರೆಯುವವರು ಇಲ್ಲಿಂದ ಶುರುಮಾಡಬಹುದು. ವಜಾ ವಿಚಾರ ತಮಗೆ ಮೊದಲೇ ತಿಳಿದಿರಲಿಲ್ಲ ಎಂದು ಇಂದಿರಾ ಹೇಳಿದರು, ನಂಬಿದವರು ಕಡಿಮೆ. ರಾಮ್‌ಲಾಲ್ ಜಾಗಕ್ಕೆ ಶಂಕರ್ ದಯಾಳ್ ಶರ್ಮಾ ಬಂದರು, ಸೆಪ್ಟೆಂಬರ್ 16ರಂದು ಎನ್‌ಟಿಆರ್ ಮತ್ತೆ ಮುಖ್ಯಮಂತ್ರಿಯಾದರು. ಕೇರಳದಲ್ಲಿ 1959ರಲ್ಲಿ ದಕ್ಕಿದ್ದು ಹೈದರಾಬಾದ್‌ನಲ್ಲಿ 31 ದಿನವೂ ದಕ್ಕಿ ಉಳಿಯಲಿಲ್ಲ.

ಅದಾಗಿ ಆರು ವಾರ. ಅಕ್ಟೋಬರ್ 30ರಂದು ಭುವನೇಶ್ವರದಲ್ಲಿ ಭಾಷಣ ಮಾಡಿ ದೆಹಲಿಗೆ ಮರಳಿದ ಇಂದಿರಾ, ಮರುದಿನ ಬೆಳಿಗ್ಗೆ ಸಂದರ್ಶನವೊಂದಕ್ಕೆಂದು ಮನೆಯಿಂದ ಪಕ್ಕದ ಕಚೇರಿಯತ್ತ ನಡೆದು ಹೋಗುತ್ತಿದ್ದರು. ಬಿಯಾಂತ್ ಸಿಂಗ್ ಮತ್ತು ಸತ್ವಂತ್ ಸಿಂಗ್ ಗುಂಡು ಹಾರಿಸಿದರು. ಅವರಿಗೆ 67 ತುಂಬಲು ಮೂರು ವಾರವಷ್ಟೇ ಉಳಿದಿತ್ತು. ಮುಂದಿನ ಕೆಲವು ದಿನಗಳಲ್ಲಿ ದೆಹಲಿಯೊಂದರಲ್ಲೇ ಅಧಿಕೃತ ಲೆಕ್ಕದ ಪ್ರಕಾರ 2,733 ಸಿಖ್ಖರು ಕೊಲ್ಲಲ್ಪಟ್ಟರು.

ಡಿಸೆಂಬರ್‌ನಲ್ಲಿ ಲೋಕಸಭಾ ಚುನಾವಣೆ ಬಂತು. ಅನುಕಂಪದ ಅಲೆಯಲ್ಲಿ ಕಾಂಗ್ರೆಸ್ 400ರ ಗಡಿ ದಾಟಿತು. ಹೆಗಡೆ ಸರ್ಕಾರವಿದ್ದ ಕರ್ನಾಟಕದಲ್ಲೂ 28ರಲ್ಲಿ 24 ಸ್ಥಾನ ಅದರದ್ದೇ. ಚಿಕ್ಕಮಗಳೂರು ಕಾಂಗ್ರೆಸ್‌ನ ಡಿ.ಕೆ. ತಾರಾದೇವಿ ಅವರನ್ನು ಆರಿಸಿತು. ಅಲೆ ಬಂದು ನಿಂತದ್ದು ಆಂಧ್ರಪ್ರದೇಶದ ಗಡಿಯಲ್ಲಿ. ಅಲ್ಲಿ 30 ಸ್ಥಾನ ಗೆದ್ದ ತೆಲುಗು ದೇಶಂ ಲೋಕಸಭೆಯ ಅತಿ ದೊಡ್ಡ ವಿರೋಧ ಪಕ್ಷವಾಯಿತು. ಹನುಮಕೊಂಡದಲ್ಲಿ ಪಿ.ವಿ. ನರಸಿಂಹ ರಾವ್ ಸೋತರು. ಎರಡು ತಿಂಗಳ ಹಿಂದಷ್ಟೇ ತನ್ನ ಸಂಸದೆಯನ್ನು ಕಳೆದುಕೊಂಡಿದ್ದ ಮೇದಕ್‌ನಲ್ಲೂ ಗೆದ್ದದ್ದು ತೆಲುಗು ದೇಶಂ.